ಅವ್ವ ಹಂಚಿಬಿಟ್ಟ ಗುಳಿಗೆ

ನಮ್ಮವ್ವ ಅನಸುಬಾಯಿ ಒಬ್ಬಳೇ ಕುಳಿತು ಏನನ್ನಾದರೂ ತಿಂದದ್ದನ್ನು ನಾನು ನೋಡಿಲ್ಲ. ವಾಡಿ ಊರಿನ ನಮ್ಮ ಓಣಿಯಲ್ಲಿ ಅವಳು ರೊಟ್ಟಿ ಬಡಿದರೆ ಪಕ್ಕದ ಮನೆಯ ಶಹರಬಾನುವಿಗೆ ಪಾಲು ಇದ್ದೇ ಇರುತ್ತದೆ. "ಒಬ್ಬಾಕಿನೇ ತಿಂದ್ರ ಮೈಗಿ ಹತ್ತಂಗಿಲ್ಲ" ಎನ್ನುತ್ತಾಳೆ. ಓಣಿಯೆಲ್ಲ ಇದನ್ನು ಹೊಗಳುತ್ತದೆ. ಆದರೆ ಗುಳಿಗೆಯನ್ನೂ ಹೀಗೇ ಹಂಚಿದರೆ ಮಗಳು ಹಣೆ ಬಡಿದುಕೊಳ್ಳದೆ ಇನ್ನೇನು ಮಾಡಬೇಕು?

ನಾನು ಲುಂಬಿನಿ, ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧಕಿ. ಕೆಲವು ಬ್ಯಾಕ್ಟೀರಿಯಾಗಳು ಒಂದು ಕಿಣ್ವ ತಯಾರಿಸಿ ನಮ್ಮ ಔಷಧಿಯನ್ನೇ ಕತ್ತರಿಸಿ ಹಾಕುತ್ತವೆ. ಆ ಕಿಣ್ವವನ್ನು ಕಟ್ಟಿಹಾಕುವ ಹೊಸ ಔಷಧಿ ಹುಡುಕುವುದು ನಮ್ಮ ಕೆಲಸ. ಬಿಡಿಸಿ ಹೇಳಿದಾಗ ಅವ್ವ, "ಅಂದ್ರ ಅದರ ಬಾಯಾಗ ಬಟ್ಟಿ ತುರಕಾಕತ್ತೀ ಅನ್ನು" ಎಂದಿದ್ದಳು. ಎಲ್ಲ ತಿಳಿದುಕೊಂಡಳು ಎಂದು ನಾನು ಬೀಗಿದ್ದೇ ಬಂತು.

ಕಳೆದ ಬೇಸಿಗೆಯಲ್ಲಿ ಅವಳಿಗೆ ಉರಿಮೂತ್ರವಾಗಿ ಜ್ವರ ಬಂತು. ಡಾಕ್ಟರು ಗುಳಿಗೆ ಕೊಟ್ಟರು. ಜ್ವರ ಇಳಿದದ್ದೇ ತಡ, ಉಳಿದ ಗುಳಿಗೆಗಳನ್ನೆಲ್ಲ ಶಹರಬಾನುವಿಗೆ ಕೊಟ್ಟುಬಿಟ್ಟಳು. ಗುಳಿಗೆ ಪೂರ್ತಿ ಮುಗಿಸದಿದ್ದರೆ ಅಳಿದುಳಿದ ಬ್ಯಾಕ್ಟೀರಿಯಾ ಮತ್ತೆ ಬೆಳೆಯುತ್ತವೆ ಎಂದು ನಾನು ಫೋನಿನಲ್ಲೇ ಹೌಹಾರಿದೆ.

"ಆಕಿಗೂ ಜರ ಬಂದಿದ್ದವು. ನನಗ ಆರಾಮ ಆಗ್ಯಾದ. ಇಟ್ಕೊಂಡು ಉಪ್ಪಿನಕಾಯಿ ಹಾಕ್ಲೇನ?" ಎಂದಳು.

ಶಹರಬಾನುವಿನದು ಬರೀ ನೆಗಡಿ ಜ್ವರ, ತಾನಾಗಿಯೇ ಇಳಿಯಿತು. ಅವ್ವನದು ಮಾತ್ರ ಚಳಿ ಹತ್ತಿಸಿಕೊಂಡು ಮರಳಿ ಬಂತು. ಕಲಬುರಗಿಯ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮಾತು ತೊದಲುತ್ತಿತ್ತು. ಮೂತ್ರ ಪರೀಕ್ಷೆ ಮಾಡಿಸಿದ ಡಾಕ್ಟರು, ಸಾಮಾನ್ಯ ಔಷಧಿ ಇನ್ನು ನಾಟುವುದಿಲ್ಲ ಎಂದರು. ನಾನು ದಿನವೂ ಗುದ್ದಾಡುವ ಅದೇ ಕಿಣ್ವ ಅವ್ವನ ಮೈಯೊಳಗೆ ಕೂತಿತ್ತು.

ಉಳಿದದ್ದು ಒಂದು ಜೋರಿನ ಇಂಜೆಕ್ಷನ್. ಅದೂ ನಾಟದಿದ್ದರೆ ಅವ್ವ ಇಲ್ಲ. ಶಹರಬಾನು ಮಂಚದ ಪಕ್ಕ ನಿಂತು, "ಯಾ ಅಲ್ಲಾ, ನಾ ಯಾಕರ ಇಸ್ಕೊಂಡೆ!" ಎಂದು ಅಳುತ್ತಿದ್ದಳು. ಬೈಯಲೆಂದು ಬಾಯಿ ತೆರೆದವಳು ಅವಳ ಕೈ ಹಿಡಿದು ಕೂತೆ.

ಪುಣ್ಯಕ್ಕೆ ನಾಟಿತು. ಅವ್ವ ಕಣ್ಣು ಬಿಟ್ಟು ಗಂಜಿ ಕೇಳಿದಳು. ಕುಡಿದಾದ ಮೇಲೆ, "ನೀ ಮಾಡಾಕತ್ತಿದ್ದ ಔಷಧ ಇದೇ ಏನ?" ಎಂದಳು.

"ಅಲ್ಲವ್ವಾ. ನಂದಿನ್ನಾ ಆಗಿಲ್ಲ. ಭಾಳ ವರ್ಷ ಬೇಕು."

"ಈ ಇಂಜೆಕ್ಷನ್ನೂ ನಾಟಲಾರದ ದಿನ ಬಂದ್ರ?"

ನಾನು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅವ್ವ ಮೆಲ್ಲಗೆ ನನ್ನ ಕೈ ಬಿಡಿಸಿದಳು.

"ಮತ್ತ ಇಲ್ಲಿ ಕುಂತು ಏನ್ ಮಾಡ್ತೀ? ನನ್ನ ನೋಡ್ಕೊಳ್ಳಾಕ ಶಹರಬಾನು ಅದಾಳ. ನೀ ಹೈದ್ರಾಬಾದ್ ಗಾಡಿ ಹಿಡಿ."