ಚೌಕದ ತಾಯಿಗೆ ಇಟ್ಟ ಕುಂಕುಮ

ಅಮೆರಿಕದ ರಾಕ್‌ವಿಲ್‌ನ ಆಸ್ಪತ್ರೆಯಲ್ಲಿ ನಮ್ಮ ಯಜಮಾನರ ಎದೆ ತೆರೆದು ಆಪರೇಷನ್ ಮಾಡುತ್ತಿದ್ದರು. ಕೋವಿಡ್ ಕಾಲ, ರೋಗಿಯ ಜೊತೆ ಒಬ್ಬರೇ ಇರಬೇಕು ಅಂತ ರೂಲು. ಮಗಳು ಕ್ಲಾರ್ಕ್ಸ್‌ಬರ್ಗ್‌ನ ಮನೆಯಲ್ಲಿ, ನಾನು ವೇಟಿಂಗ್ ರೂಮಿನಲ್ಲಿ. ಕೂರಲು ಮೆತ್ತನೆಯ ಕುರ್ಚಿ ಸಿಕ್ಕಿತ್ತು, ಅದೂ ದೇವರ ದಯೆಯೇ.

ಎದುರಿನ ಗೋಡೆಯಲ್ಲೊಂದು ವಾಟರ್‌ಕಲರ್ ಚಿತ್ರ. ಯೂರೋಪಿನ ಯಾವುದೋ ಹಳೇ ಊರಿನ ಚೌಕ. ವಾಲಿದ ಮನೆಗಳು, ಆಕಾಶದೊಳಗೆ ಕರಗಿಹೋಗುವ ಚರ್ಚಿನ ಗೋಪುರ, ಬಾವಿಯ ಹತ್ತಿರ ಬುಟ್ಟಿ ಹಿಡಿದು ಮಾತಿಗೆ ನಿಂತ ಹೆಂಗಸರು. ಬರೆದು ಇನ್ನೂರು ವರ್ಷವಾಯಿತು ಅಂತ ಕೆಳಗೆ ಚೀಟಿ. ಹಾಗಾದರೆ ಈ ಹೆಂಗಸರು ಯಾರೂ ಈಗಿಲ್ಲ, ಅವರ ಗಂಡಂದಿರೂ ಇಲ್ಲ ಅನ್ನಿಸಿದ್ದೇ ತಡ, ಕತ್ತಿನ ತಾಳಿ ಮುಟ್ಟಿಕೊಂಡೆ. ಬೇರೆ ಕಡೆ ನೋಡೋಣವೆಂದರೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಆಗ ಕಂಡಿತು, ಮೂಲೆಮನೆಯ ಗೋಡೆಯ ಗೂಡಿನಲ್ಲಿ ಮಗು ಎತ್ತಿಕೊಂಡ ಒಬ್ಬ ತಾಯಿ. ಉಗುರಿನಷ್ಟು ಪುಟ್ಟ ವಿಗ್ರಹ. ಯಾವ ಊರಾದರೇನು, ತಾಯಿ ತಾಯಿಯೇ. ಪರ್ಸಿನಿಂದ ಕುಂಕುಮದ ಭರಣಿ ತೆಗೆದು, ಗಾಜಿನ ಮೇಲೆ ಆ ಗೂಡಿನ ನೇರಕ್ಕೆ ಒಂದು ಬೊಟ್ಟಿಟ್ಟು ಕೈಮುಗಿದೆ. ಸ್ಯಾನಿಟೈಸರ್ ಹಚ್ಚಿದ ಬೆರಳು ಇನ್ನೂ ಒದ್ದೆಯಿತ್ತು, ಚೆನ್ನಾಗಿ ಅಂಟಿತು.

ಸ್ವಲ್ಪ ಹೊತ್ತಿಗೆ ಕ್ಲೀನಿಂಗ್‌ಗೆ ಬಂದ ಹೆಂಗಸು ಚಿತ್ರದ ಮುಂದೆ ನಿಂತುಬಿಟ್ಟಳು. ಇದು ರಕ್ತವಾ ಮ್ಯಾಮ್ ಅಂತ ಕೇಳಿದಳು. ಅಲ್ಲ, ದೇವರಿಗೆ ಇಟ್ಟದ್ದು ಅಂತ ನನ್ನ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದೆ. ಏನೇ ಇರಲಿ, ಆಸ್ಪತ್ರೆಯಲ್ಲಿ ಕೆಂಪು ಕಲೆ ಬಿಡುವ ಹಾಗಿಲ್ಲ ಅಂದು ಸ್ಪ್ರೇ ಎತ್ತಿದಳು.

ಒಳಗೆ ಅವರ ಎದೆ ತೆರೆದಿದೆ. ಇಲ್ಲಿ ನಾನಿಟ್ಟ ಕುಂಕುಮವನ್ನು ಇನ್ನೊಬ್ಬರು ಅಳಿಸುವುದೆಂದರೆ? ಓಡಿಹೋಗಿ ಕೈ ಅಡ್ಡ ಹಿಡಿದೆ.

"ನನ್ನ ಗಂಡ ಒಳಗಿದ್ದಾರೆ. ಇದನ್ನ ಒರೆಸಬಾರದು."

ಅವಳು ಗಾಜನ್ನು ನೋಡಿದಳು, ನನ್ನ ಹಣೆ ನೋಡಿದಳು. ಸ್ಪ್ರೇ ಇಳಿಸಿದಳು.

"ಹಾಗಾದ್ರೆ ನೀವೇ ತಗೊಳ್ಳಿ. ಆಮೇಲೆ ನಾನು ಬರೀ ಗಾಜು ಒರೆಸ್ತೀನಿ."

ನನಗಿದು ಹೊಳೆದೇ ಇರಲಿಲ್ಲ. ಉಂಗುರದ ಬೆರಳಿನಿಂದ ಬೊಟ್ಟು ತೆಗೆದು ತಾಳಿಗೆ ಹಚ್ಚಿಕೊಂಡೆ, ಮಿಕ್ಕಿದ್ದನ್ನು ಹಣೆಗೆ. ಪ್ರಸಾದ ಅಂದುಕೊಂಡೆ. ಆದರೂ ಅವಳು ಗಾಜು ಉಜ್ಜುವಾಗ ಆ ಕಡೆ ನೋಡಲು ಧೈರ್ಯ ಸಾಲಲಿಲ್ಲ. ಆಪರೇಷನ್ ಮುಗಿಯಿತು, ಎಚ್ಚರವಾಗುವುದನ್ನು ಕಾಯಬೇಕು ಅಂತ ಡಾಕ್ಟರು ಹೇಳಿದ ಮೇಲೂ ಹಣೆಗೆ ನೀರು ಸೋಕಿಸಲಿಲ್ಲ.

ಮಾರನೇ ದಿನ ಒಳಗೆ ಬಿಟ್ಟರು. ಕೈಗೆಲ್ಲ ಟ್ಯೂಬು, ತುಟಿ ಬಿಳುಚಿತ್ತು. ನಿಧಾನವಾಗಿ ಕಣ್ಣು ಬಿಟ್ಟು ನನ್ನನ್ನೇ ನೋಡಿದರು.

"ಹಣೆ ತುಂಬಾ ಕುಂಕುಮ ಮೆತ್ಕೊಂಡಿದೀಯಲ್ಲೇ, ಯಾರ ಮದುವೆ?"

ಆಗ ನನಗೆ ಮುಖ ತೊಳೆಯಲು ಧೈರ್ಯ ಬಂತು.