ಪಾರಿಶ್ವಾಡದ ಸಾಕ್ಷಿ

ಗಡಿಯಲ್ಲಿ ಶೌರ್ಯದ ಪದಕ ಪಡೆದವನಿಗೆ ಹೆದರಿಕೆಯೇ ಇರುವುದಿಲ್ಲ ಎಂದು ಜನ ತಿಳಿದಿರುತ್ತಾರೆ. ಸೈನ್ಯದಿಂದ ನಿವೃತ್ತನಾದ ಮೇಲೆ ಕಾನೂನು ಓದಿ, ಖಾನಾಪುರದ ಕೋರ್ಟಿನಲ್ಲಿ ಬಡವರಿಗೆ ಪುಕ್ಕಟೆ ನೆರವು ಕೊಡುವ ವಕೀಲನಾದೆ. ನಾನು ಖರೇ ಹೆದರಿದ್ದು ಅಲ್ಲಿ.

ಪಾರಿಶ್ವಾಡದ ಹೆಣ್ಣುಮಗಳೊಬ್ಬಳು ಒಂದು ದಿನ ನನ್ನಲ್ಲಿಗೆ ಬಂದಳು. ಹೊಲಕ್ಕೆ ಹೋಗುವ ದಾರಿ ಮುಚ್ಚಿದ್ದಕ್ಕೆ ಎದ್ದ ಜಗಳದಲ್ಲಿ ಊರಿನ ಇಬ್ಬರು ಅಣ್ಣತಮ್ಮಂದಿರು ಅವಳ ಗಂಡನ ಕೈ ಮುರಿದಿದ್ದರು. ಗಂಡನನ್ನು ಬಿಟ್ಟರೆ ಕಣ್ಣಾರೆ ಕಂಡವಳು ಅವಳೊಬ್ಬಳೇ. ಜಾಮೀನಿನ ಮೇಲೆ ಹೊರಬಂದ ಅವರು ದಿನಾ ಬಾಗಿಲ ಮುಂದೆ ನಿಂತು ಹೋಗುತ್ತಾರೆ, ಸಾಕ್ಷಿ ಹೇಳುವುದೇ ಬೇಡ ಅನಿಸಿದೆ ಎಂದಳು. ಸಾಕ್ಷಿಯ ದಿನ ನಾನೇ ಬಂದು ಕೋರ್ಟಿಗೆ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟೆ.

ಸಾಕ್ಷಿಗೆ ಎರಡು ದಿನವಿರುವಾಗ ಅದೇ ಅಣ್ಣತಮ್ಮಂದಿರು ಅನಗೋಳದ ನಮ್ಮ ಮನೆಗೆ ಬಂದಿದ್ದರು. ನಾನಿರಲಿಲ್ಲ. ಹೆಂಡತಿಯ ಬಳಿ ನೀರು ಕೇಳಿ ಕುಡಿದು, ಮಗಳು ಯಾವ ಕಾಲೇಜು, ಎಷ್ಟು ಗಂಟೆಯ ಬಸ್ಸಿಗೆ ಹೋಗುತ್ತಾಳೆ ಎಂದು ನಯವಾಗಿ ವಿಚಾರಿಸಿ ಹೋದರಂತೆ. ಒಂದು ಬೈಗುಳವೂ ಇಲ್ಲ. ಗಡಿಯಲ್ಲಿ ಶತ್ರು ಯಾವ ದಿಕ್ಕಿನಲ್ಲಿದ್ದಾನೆಂದು ಗೊತ್ತಿರುತ್ತಿತ್ತು, ಬಾಜುವಿನಲ್ಲಿ ಜೊತೆಗಾರರಿರುತ್ತಿದ್ದರು. ಇಲ್ಲಿ ಎರಡೂ ಇರಲಿಲ್ಲ. ಪೊಲೀಸರಿಗೆ ಬರೆದುಕೊಟ್ಟೆ. ಮಗಳನ್ನು ಶಿವಬಸವ ನಗರದ ಅಕ್ಕನ ಮನೆಗೆ ಕಳಿಸಿದೆ. ಈ ಕೇಸನ್ನು ಬೇರೆಯವರಿಗೆ ಒಪ್ಪಿಸಬೇಕೆಂದು ಅರ್ಜಿಯನ್ನೂ ಬರೆದೆ. ಆದರೆ ಕೊಡಲಿಲ್ಲ.

ಸಾಕ್ಷಿಯ ದಿನ ಬೆಳಿಗ್ಗೆ ಅವಳೊಂದಿಗೆ ಪಾರಿಶ್ವಾಡದಲ್ಲಿ ಬಸ್ಸು ಹತ್ತಿದೆ. ಆ ಅಣ್ಣತಮ್ಮಂದಿರೂ ಹತ್ತಿ ನಮ್ಮ ಹಿಂದಿನ ಸೀಟಿನಲ್ಲೇ ಕುಳಿತರು. ಅವಳು ತಗ್ಗಿದ ದನಿಯಲ್ಲಿ ಕೇಳಿದಳು:

"ನಿಮಗ ಅಂಜಿಕಿ ಬರೂದಿಲ್ಲೇನ್ರಿ, ಸಾಹೇಬ್ರ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಬರತೈತಿ ತಂಗಿ. ಈ ಕೇಸ್ ಬಿಡಬೇಕಂತ ಅರ್ಜಿನೂ ಬರದಿದ್ದೆ."

ಅವಳು ಒಮ್ಮೆ ಹಿಂದಿನ ಸೀಟಿನ ಕಡೆ ನೋಡಿದಳು. "ಹಂಗಾರ ಇಬ್ರೂ ಅಂಜಕೊಂತನ ಹೋಗೂಣ್ರಿ," ಎಂದಳು.

ಕಟಕಟೆಯಲ್ಲಿ ನಿಂತವಳು ಮೊದಲು ಕುಡಿಯಲು ನೀರು ಕೇಳಿದಳು. ನ್ಯಾಯಾಧೀಶರು ಕೊಡಿಸಿದರು. ಅವಳು ಕುಡಿದು, ಸೆರಗಿನಿಂದ ಬಾಯೊರೆಸಿಕೊಂಡು, ಕಂಡದ್ದನ್ನು ಕಂಡಂತೆ ಹೇಳಿದಳು. ಎದುರು ವಕೀಲರು ಎಷ್ಟು ತಿರುಗಿಸಿ ಕೇಳಿದರೂ ಮಾತು ಬದಲಿಸಲಿಲ್ಲ.

ಕೆಲವು ತಿಂಗಳ ನಂತರ ಇಬ್ಬರಿಗೂ ಶಿಕ್ಷೆಯಾಯಿತು. ಹೊಲದ ದಾರಿ ತೆರೆಯಿತು. ಅವಳ ಗಂಡನ ಕೈ ಮಾತ್ರ ಪೂರ್ತಿ ನೆಟ್ಟಗಾಗಲಿಲ್ಲ. ನನ್ನ ಮಗಳು ಮನೆಗೆ ಮರಳಿದ್ದಾಳೆ. ಅವಳು ಬರುವುದು ಹತ್ತು ನಿಮಿಷ ತಡವಾದರೂ ಸಾಕು, ನಾನು ಓಣಿಯ ತುದಿಗೆ ಹೋಗಿ ನಿಲ್ಲುತ್ತೇನೆ.