ಬಿಸಾಕಿ ಅಂದವರ ಎದುರು ಪುಷ್ಪಮ್ಮನ ಟೇಬಲ್ಲು

ಬೆಳಗಿನ ಐದೂಕಾಲು. ಚಳ್ಳಕೆರೆಯ ಹಳೆಯದೊಂದು ಹಿಂಡಿ ಗೋದಾಮಿನ ಮೇಲಿನ ಕೋಣೆಯಲ್ಲಿ ಪುಷ್ಪಾ ಕಿವಿಗೆ ಫೋನು ಒತ್ತಿಕೊಂಡು ಕೂತಿದ್ದಾರೆ. ಆ ತುದಿಯಲ್ಲಿರುವವರು ನನ್ನಿವಾಳದ ದೊಡ್ಡೀರಪ್ಪ, ನಿವೃತ್ತ ಹೆಡ್‌ಮಾಸ್ಟರು. ಅವರ ರೇಡಿಯೊ ಸೆಟ್ಟು ಕೆಟ್ಟಿದೆ.

"ಕೆಟ್ಟೈತೆ ಅಂದ್ರೆ ಸಾಲಲ್ಲ ಮೇಷ್ಟ್ರೇ. ಅದು ಹೆಂಗೆ ಕೂಗ್ತೈತೋ ಹಂಗೇ ಕೂಗಿ ತೋರಿಸ್ರಿ."

ಮೇಷ್ಟ್ರು ಕೆಮ್ಮುತ್ತಾರೆ. ಮೂವತ್ತಮೂರು ವರ್ಷ ಮಕ್ಕಳ ಗದ್ದಲ ಅಡಗಿಸಿದ ಗಂಟಲು ಈಗ ತಾನೇ ಗದ್ದಲ ಮಾಡಬೇಕು. ಕೊನೆಗೆ, ಮನೆಯವರು ಯಾರೂ ಎದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು, "ಗೊರ್‌ರ್‌... ಟಿಕ್" ಎನ್ನುತ್ತಾರೆ.

"ಗುಂಡಿ ಒತ್ತಿದ್ಮೇಲೆ ಟಿಕ್ಕೋ, ಒತ್ತೋಕೆ ಮುಂಚೇನೋ?"

"ಒತ್ತಿದ್ಮೇಲಮ್ಮ. ಒತ್ತಿದ ತಕ್ಷಣ ದೀಪ ಆರಿ ಸುಮ್ಮನಾಗ್ತೈತೆ."

"ಹಂಗಾದ್ರೆ ಬ್ಯಾಟ್ರಿಗೆ ಮುಪ್ಪು. ಕೇಳೋಕೆ ಶಕ್ತಿ ಉಳಿದೈತೆ, ಹೇಳೋಕಿಲ್ಲ."

"ಥೇಟ್ ನನ್ನಂಗೆ ಅನ್ನು."

"ನಿಮಗೆ ಉಲ್ಟಾ ಮೇಷ್ಟ್ರೇ," ಎಂದು ಪುಷ್ಪಾ ಫೋನಿಡುತ್ತಾರೆ.

ಇದು ಅವರು ಕೆಲಸ ಮಾಡುವ ರೀತಿ. ಸ್ಕ್ರೂಡ್ರೈವರ್ ಮುಟ್ಟುವ ಮೊದಲು ರೋಗಿಯ ಅಣಕು ಕೇಳಬೇಕು. ದಪ್ಪ ಮೀಸೆಯ ಮಂಡಿ ಸಾಹುಕಾರರು ಈ ಟೇಬಲ್ಲಿನ ಎದುರು ನಿಂತು ಕಪ್ಪೆಯಂತೆ, ಬಿಸಿ ಬಾಣಲೆಯಂತೆ, ಗೊರಕೆಯಂತೆ ಸದ್ದು ಮಾಡಿ ಹೋಗಿದ್ದಾರೆ. "ಮನುಷ್ಯ ಸುಳ್ಳು ಹೇಳ್ಬೋದು, ಅಣಕು ಸುಳ್ಳು ಹೇಳಲ್ಲ. ಸೆಟ್ಟು ಕೆಳಗೆ ಬೀಳಿಸ್ದೋರು ಬೀಳಿಸ್ದೆ ಅಂತ ಯಾವತ್ತೂ ಒಪ್ಪಲ್ಲ. ಆದ್ರೆ ಸದ್ದು ಮಾಡುವಾಗ ಒಳಗೆ ಏನೋ ಲಟಲಟ ಅಲ್ಲಾಡೋದನ್ನೂ ಸೇರಿಸಿ ಮಾಡ್ಬಿಡ್ತಾರೆ," ಎನ್ನುತ್ತಾರೆ ಪುಷ್ಪಾ.

ಅವರಿಗೆ ನಲವತ್ತೆಂಟು. ಹುಟ್ಟಿದ್ದು ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ. ಕಡಿದ ರೇಷ್ಮೆ ಎಳೆಯನ್ನು ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆದು ಸೇರಿಸುವುದನ್ನು ಏಳನೇ ವಯಸ್ಸಿಗೇ ಕಲಿತರು. ಮದುವೆಯಾಗಿ ಚಳ್ಳಕೆರೆಗೆ ಬಂದ ಮೇಲೆ ಮೈದುನನ ಟಿವಿ ರಿಪೇರಿ ಅಂಗಡಿಯಲ್ಲಿ ಕೂದಲೆಳೆಯ ತಂತಿಗೆ ಬೆಸುಗೆ ಹಾಕುವ ಕೆಲಸ ಆ ಬೆರಳುಗಳ ಪಾಲಿಗೆ ಬಂತು. ಟಿವಿಗಳು ತೆಳ್ಳಗಾದವು, ಅಂಗಡಿ ಮುಚ್ಚಿತು, ಮೈದುನ ಟೈರು ವ್ಯಾಪಾರಕ್ಕೆ ಹೋದ. ಬೆಸುಗೆ ಕಡ್ಡಿ ಮಾತ್ರ ಅತ್ತಿಗೆಯ ಕೈಬಿಡಲಿಲ್ಲ. ಈಗ ಹಗಲಲ್ಲಿ ಮನೆಯಲ್ಲೇ ಮಿಕ್ಸಿ, ಫ್ಯಾನು. ಬೆಳಗ್ಗೆ ಐದರಿಂದ ಏಳೂವರೆವರೆಗೆ ಈ ಕೋಣೆ, ಈ ರೇಡಿಯೊಗಳು.

ಇವು ಹಾಡು ಕೇಳುವ ರೇಡಿಯೊಗಳಲ್ಲ. ಹ್ಯಾಮ್ ಎಂದು ಕರೆಯುವ ಹವ್ಯಾಸಿ ರೇಡಿಯೊದವರು ಪರೀಕ್ಷೆ ಬರೆದು, ಸರ್ಕಾರದ ಲೈಸೆನ್ಸು ಪಡೆದು, ಪರಸ್ಪರ ಮಾತಾಡಲು ಬಳಸುವ ಅಂಗೈ ಗಾತ್ರದ ಸೆಟ್ಟುಗಳು. ಗುಂಡಿ ಒತ್ತಿದರೆ ಮಾತು, ಬಿಟ್ಟರೆ ಕಿವಿ, ಮಾತು ಮುಗಿಯಿತು ಎನ್ನಲು 'ಓವರ್'. ಮಾತು ನೇರ ಊರಿಂದೂರಿಗೆ ಹಾರುವಷ್ಟು ಬಲ ಅದಕ್ಕಿಲ್ಲ. ನಡುವೆ ಗುಡ್ಡದ ಮೇಲೆ ರಿಪೀಟರ್ ಎಂಬ ಪೆಟ್ಟಿಗೆಯಿದೆ. ಅದು ಸಣ್ಣ ದನಿಯನ್ನು ಹಿಡಿದು ದೊಡ್ಡದು ಮಾಡಿ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿಗೆ ಎಸೆಯುತ್ತದೆ. ಪುಷ್ಪಾ ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಪರೀಕ್ಷೆ ಪಾಸು ಮಾಡಿದರು. ಗಂಡ ಮಾರಣ್ಣ ಅಂದು ಕೇಳಿದ್ದು ಒಂದೇ ಮಾತು: "ಮನೇಲಿ ಮಾತಾಡೋದು ಸಾಲ್ದು ಅಂತ ಸರ್ಕಾರದ ಪರ್ಮಿಶನ್ ಬೇರೆ ತಗೊಂಡೆಯಾ?"

ಸಂಕ್ರಾಂತಿಯಿಂದ ಈಚೆಗೆ ಟೇಬಲ್ಲಿಗೆ ಬಂದ ಸೆಟ್ಟು ಇಪ್ಪತ್ತೇಳು. ಅದರಲ್ಲಿ ಒಂಬತ್ತಕ್ಕೆ ಬ್ಯಾಟರಿ ಸತ್ತಿತ್ತು. ಆರಕ್ಕೆ ಆಂಟೆನಾದ ಬುಡ ಸಡಿಲ. ನಾಲ್ಕಕ್ಕೆ ರೋಗವೇ ಇರಲಿಲ್ಲ, ಯಾರೋ ಸೆಟ್ಟಿಗೆ ಬೀಗ ಹಾಕುವ ಗುಂಡಿ ಒತ್ತಿ ಮರೆತಿದ್ದರು. ಒಂದಕ್ಕೆ ಇರುವೆ. ಎಣ್ಣೆ ಮಿಲ್ಲಿನವರೊಬ್ಬರು, ಚಾರ್ಜ್ ಸರಾಗ ಹತ್ತಲಿ ಎಂದು ಬ್ಯಾಟರಿಯ ಹಿತ್ತಾಳೆ ಪಟ್ಟಿಗೆ ಕಡ್ಲೆಕಾಯಿ ಎಣ್ಣೆ ಸವರಿದ್ದರು. "ಯಂತ್ರಕ್ಕೆ ಎಣ್ಣೆ ಬಿಡ್ಬಾರ್ದಾ? ಅಂತ ನನ್ನೇ ಕೇಳಿದ್ರು. ಒಗ್ಗರಣೆ ಒಂದು ಬಾಕಿ ಇತ್ತು ನೋಡ್ರಿ ಅಂದೆ."

ಇಂಥ ಟೇಬಲ್ಲನ್ನೇ ಖಾಲಿ ಮಾಡಿ ಎಂಬ ಮಾತು ಕಳೆದ ತಿಂಗಳು ಬಂತು.

ಗೋದಾಮು, ಕೋಣೆ ಎರಡೂ ಇಲ್ಲಿನ ಹ್ಯಾಮ್ ಕ್ಲಬ್ಬಿನ ಕಾರ್ಯದರ್ಶಿ ಓಂಕಾರಮೂರ್ತಿಯವರ ಮನೆತನದ್ದು. ಎಣ್ಣೆ ವ್ಯಾಪಾರದವರು, ಕೈ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಹೊಸದಾಗಿ ಬಣ್ಣದ ಪರದೆಯ ಸೆಟ್ಟು ಕೊಂಡಿದ್ದರು. ಅದರ ಹುರುಪಿನಲ್ಲಿ ಸಭೆಯಲ್ಲಿ ಎದ್ದು ನಿಂತು, ಕ್ಲಬ್ಬಿನ ಹದಿನಾಲ್ಕು ಹಳೇ ಸೆಟ್ಟುಗಳನ್ನು ಬಿಸಾಕಿ, ಪುಷ್ಪಾ ಕೂರುವ ಜಾಗದಲ್ಲಿ ಕಂಪ್ಯೂಟರ್ ಇಡೋಣ ಎಂದರು. ಅವರ ಕೈಗೆ ಪುರಾವೆಯೂ ಸಿಕ್ಕಿತ್ತು: ಮೊಳಕಾಲ್ಮೂರಿನ ಪೆದ್ದಣ್ಣನ ಸೆಟ್ಟು.

ಪೆದ್ದಣ್ಣ ಅರವತ್ತೆರಡರ ನೇಕಾರ, ಮೊಳಕಾಲ್ಮೂರು ಕಡೆಯ ಏಕೈಕ ಹ್ಯಾಮ್. ಹೋದ ಮಳೆಗಾಲದಲ್ಲಿ ರಾಂಪುರ ರಸ್ತೆಯ ಫೋನೆಲ್ಲ ಸತ್ತು ಮಲಗಿದ ದಿನ, ಹಳ್ಳದಾಚೆ ಸಿಕ್ಕಿಬಿದ್ದ ಬಸುರಿಗೆ ಗಾಡಿ ಕಳಿಸಿ ಎಂದು ಸುದ್ದಿ ಮುಟ್ಟಿಸಿದ್ದು ಅವರ ದನಿ. ಸಭೆಯ ಹೊತ್ತಿಗೆ ಮೂರು ವಾರದಿಂದ, ಬೆಳಗಿನ ಆರೂವರೆಗೆ ರೇಡಿಯೊದಲ್ಲಿ ಕರೆಯುವ ಹಾಜರಿಯಲ್ಲಿ ಆ ದನಿ ಇರಲಿಲ್ಲ. ಸೆಟ್ಟು ಎರಡು ಸಲ ಬಸ್ಸಿನಲ್ಲಿ ಪುಷ್ಪಾ ಬಳಿ ಬಂತು. ಮೀಟರಿಗೆ ಹಚ್ಚಿ ನೋಡಿದರೆ ಕಳಿಸುವ ಬಲ ಸರಿಯಿದೆ. ಮೈಕು, ಗುಂಡಿ, ಬ್ಯಾಟರಿ ಎಲ್ಲ ಸರಿ. ಇಲ್ಲಿಂದ ಕರೆದರೆ ರಿಪೀಟರ್ ಓಗೊಡುತ್ತದೆ. ಊರಿಗೆ ವಾಪಸ್ ಹೋದರೆ ಮತ್ತೆ ಮೂಗ.

"ಇಲ್ಲಿ ಸರಿ, ಅಲ್ಲಿ ಸರಿಯಿಲ್ಲ ಅಂದ್ರೆ ಅದು ರಿಪೇರಿ ಏನಮ್ಮ?" ಎಂದರು ಓಂಕಾರಮೂರ್ತಿ. "ಭಾನುವಾರ ನಾನೇ ಹೊಸ ಸೆಟ್ ತಗೊಂಡು ಅವರ ಮನೆ ಅಂಗಳದಾಗೆ ನಿಂತ್ಕಂತೀನಿ. ಎರಡೂ ಸೆಟ್ಟಲ್ಲಿ ಕರೀತೀವಿ. ಹಳೇದು ಕೇಳಿಸಿದ್ರೆ ಟೇಬಲ್ ನಿಂದು, ಇಲ್ಲಾಂದ್ರೆ ಕಂಪ್ಯೂಟರಿಂದು."

"ಆಗ್ಲಿ ಸಾಹೇಬ್ರೇ," ಎಂದರು ಪುಷ್ಪಾ. "ಬಿಸಾಕೋದಕ್ಕೆ ಕೈ ಸಾಕು. ರಿಪೇರಿಗೆ ಕಿವಿ ಬೇಕು. ಭಾನುವಾರ ಯಾರಿಗೆ ಏನೈತೆ ನೋಡಾಣ."

ಶುಕ್ರವಾರ ಮೊದಲ ಬಸ್ಸಿಗೆ ಅವರು ಮೊಳಕಾಲ್ಮೂರಿಗೆ ಹೊರಟರು. ಮಡಿಲಲ್ಲಿ ಮೀಟರು, ಚೀಲದಲ್ಲಿ ಬೇರೆ ಆಂಟೆನಾ, ಬೇರೆ ಬ್ಯಾಟರಿ. ರೋಗಿ ಆಸ್ಪತ್ರೆಯಲ್ಲಿ ಗಟ್ಟಿಯಾಗಿದ್ದು ಮನೆಗೆ ಹೋದ ಕೂಡಲೇ ಮಲಗಿದರೆ ಮನೆಯನ್ನೇ ನೋಡಬೇಕಲ್ಲ.

"ರಾ ಅಮ್ಮಾ, ಕೂತ್ಕೋ," ಎಂದು ಗಡಿ ಸೀಮೆಯ ತೆಲುಗು ಬೆರೆಸಿ ಕರೆಯುತ್ತ ಪೆದ್ದಣ್ಣ ಮಗ್ಗದ ಗುಂಡಿಯಿಂದ ಎದ್ದು ಬಂದರು. ಪುಷ್ಪಾ ಕೂರಲಿಲ್ಲ.

"ಮಾಮ, ನಾನಿಲ್ಲ ಅಂದ್ಕಳ್ರಿ. ದಿನಾ ಬೆಳಗ್ಗೆ ಹೆಂಗೆ ಮಾಡ್ತೀರೋ ಹಂಗೇ ಮಾಡ್ರಿ."

ಪೆದ್ದಣ್ಣ ಕೈಕಾಲು ತೊಳೆದರು. ಗೂಟದಿಂದ ಒಂದು ಚೀಲ ಇಳಿಸಿದರು. ಉದ್ದನೆಯ, ಕೆಂಪಂಚಿನ, ಬೆಳಕಿಗೆ ಜಗ್ಗನೆ ಹೊಳೆಯುವ ಜರಿಯ ಚೀಲ. ಒಳಗಿದ್ದ ಸೆಟ್ಟನ್ನು ಆಂಟೆನಾದ ತುದಿವರೆಗೂ ಮುಚ್ಚಿ, ಮೇಲೆ ದಾರ ಎಳೆದು ಕಟ್ಟಿತ್ತು. ಹೆಂಡತಿ ಓಬಳಮ್ಮ ಸೀರೆಯ ಸೆರಗಿನ ಉಳಿದ ತುಂಡಿನಲ್ಲಿ ಹೊಲಿದದ್ದು. ಪೆದ್ದಣ್ಣ ಚೀಲದ ಮೇಲಿಂದಲೇ ಗುಂಡಿ ಒತ್ತಿ, ಮುಖದ ಹತ್ತಿರ ಹಿಡಿದು ಕರೆಯತೊಡಗಿದರು.

"ಮಾಮ, ಈ ಚೀಲ ಯಾವಾಗಿಂದ?"

"ಮೂರು ವಾರ ಆಯ್ತೇನೋ."

"ನನ್ನತ್ರ ಕಳಿಸುವಾಗ ಯಾಕೆ ಕಳಿಸ್ಲಿಲ್ಲ? ಎರಡು ಸಲಾನೂ ಪೇಪರ್ ಸುತ್ತಿ ಬಂದಿತ್ತಲ್ಲ."

ಉತ್ತರ ಒಳಗಿನಿಂದ ಬಂತು. "ನಿನ್ ಟೇಬಲ್ ಮೇಲೆ ಬೆಸುಗೆ ಮಸಿ ಇರ್ತೈತೆ ಅಂತ ನಾನೇ ಬಿಚ್ಚಿಟ್ಕಂಡೆ," ಎಂದರು ಓಬಳಮ್ಮ.

ಪುಷ್ಪಾ ಚೀಲ ತೆಗೆದು ಕರೆದರು, ರಿಪೀಟರ್ ಓಗೊಟ್ಟಿತು. ಚೀಲ ಹಾಕಿದರು, ಮೌನ. ಮೂರು ಸಲ ಹಾಕಿ ತೆಗೆದರು, ಮೂರು ಸಲವೂ ಅದೇ. ಜರಿಯೆಂದರೆ ಲೋಹದ ತಂತಿ. ಆಂಟೆನಾಕ್ಕೆ ಲೋಹದ ಮುಸುಕು ಹಾಕಿದರೆ ಮಾತು ಮುಸುಕಿನೊಳಗೇ ಉಳಿಯುತ್ತದೆ. ಗುಡ್ಡದ ಪೆಟ್ಟಿಗೆಯ ದನಿ ದೊಡ್ಡದು, ಅದು ಹೇಗೋ ಒಳಗೆ ನುಗ್ಗುತ್ತದೆ. ಪೆದ್ದಣ್ಣನ ಪುಟ್ಟ ಸೆಟ್ಟಿನ ದನಿ ಹೊರಗೆ ದಾಟುವುದಿಲ್ಲ.

ಟೇಬಲ್ಲಿನ ಸುದ್ದಿ ಕೇಳಿದ್ದ ಓಬಳಮ್ಮನ ಮುಖ ಸಣ್ಣದಾಯಿತು. "ನನ್ನಿಂದ ನಿನ್ ಟೇಬಲ್ ಹೋಗ್ತಿತ್ತಾ?"

"ತಪ್ಪು ನಂದು ಅತ್ತೆ. ಸೆಟ್ಟಿನ ಸದ್ದು ಕೇಳ್ದೆ, ಅದು ಮನೇಲಿ ಏನು ಉಟ್ಕಂತೈತೆ ಅಂತ ಕೇಳ್ಲಿಲ್ಲ."

ಓಬಳಮ್ಮ ಚೀಲವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ತಲೆ ಮೆಲ್ಲಗೆ ಎತ್ತಿದರು. "ಪ್ಲಾಸ್ಟಿಕ್ ಜರಿ ಆಗಿದ್ರೆ ಮಾತು ಹೋಗ್ತಿತ್ತೇನೋ. ನಮ್ದು ಅಸಲಿ ಅಂತ ಗೊತ್ತಾಯ್ತಲ್ಲ. ಪೇಟೇಲಿ ಚೌಕಾಸಿ ಮಾಡೋರಿಗೆ ಇದನ್ನ ತೋರಿಸ್ಬೇಕು."

"ತೋರಿಸಾಣ ಅತ್ತೆ," ಎಂದರು ಪುಷ್ಪಾ. "ಭಾನುವಾರ ನಿಮ್ಮನೆಗೆ ದೊಡ್ಡೋರೊಬ್ರು ಬರ್ತಾರೆ."

ಭಾನುವಾರ ಆರೂವರೆಗೆ ಗೋದಾಮಿನ ಕೋಣೆಯಲ್ಲಿ ಹನ್ನೊಂದು ಮಂದಿ ಸದಸ್ಯರು ಟೇಬಲ್ಲಿನ ಸುತ್ತ ನಿಂತಿದ್ದಾರೆ. ಕಂಪ್ಯೂಟರಿನ ಡಬ್ಬ ಬಾಗಿಲ ಬಳಿ ಸಿದ್ಧವಾಗಿದೆ. ಪುಷ್ಪಾ ಮಾತ್ರ ಕುರ್ಚಿ ಬಿಟ್ಟಿಲ್ಲ. ಮೊದಲು ಪೆದ್ದಣ್ಣನ ಸರದಿ. ಚೀಲವಿಲ್ಲದ ಸೆಟ್ಟಿನಿಂದ ದನಿ ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟ. "ಮೊಳಕಾಲ್ಮೂರು ಹಾಜರ್. ಸೆಕ್ರೆಟ್ರಿ ಸಾಹೇಬ್ರು ಬಂದವ್ರೆ. ನಮ್ಮಾಕೆ ಅವರ ಹೊಸ ಸೆಟ್ಟಿಗೆ ಜರಿ ಚೀಲ ತೊಡಿಸಿ ಮರ್ಯಾದೆ ಮಾಡ್ತಾ ಅವ್ಳೆ. ಓವರ್."

"ಸಂತೋಷ. ಸಾಹೇಬ್ರು ಕರೀಲಿ. ಓವರ್."

ನಿಮಿಷ ಕಳೆಯಿತು. ಏನೂ ಇಲ್ಲ.

"ಸಾಹೇಬ್ರೇ, ಕೇಳಿಸ್ತಿಲ್ಲ. ಇನ್ನೊಂದು ಸಲ. ಓವರ್."

ಮತ್ತೆ ಏನೂ ಇಲ್ಲ. ಹಳೇ ಸೆಟ್ಟೇ ಮಾತಾಡಿತು. "ಯಾಕಮ್ಮ, ಕೇಳಿಸ್ತಿಲ್ವಾ? ಇಲ್ಲಿ ಬೀದಿಗೆಲ್ಲಾ ಕೇಳಿಸ್ತೈತೆ. ಈಗ ಜಗಲಿ ಹತ್ತಿದ್ರು. ಓವರ್."

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಪುಷ್ಪಾ ಬೆರಳೆತ್ತಿ ಸುಮ್ಮನಾಗಿಸಿ, ಓಂಕಾರಮೂರ್ತಿಯವರದೇ ದಪ್ಪ ದನಿಯಲ್ಲಿ, ಅವರು ಸಭೆಯಲ್ಲಿ ಎಳೆಯುವಂತೆಯೇ ಎಳೆದು ಕೇಳಿದರು: "ಸನ್ಮಾನ್ಯ ಕಾರ್ಯದರ್ಶಿಗಳು ಏನು ಹೇಳ್ತಿದಾರೆ ಅಂತ ತಾವಾದ್ರೂ ಸಭೆಗೆ ತಿಳಿಸ್ಬೇಕು ಪೆದ್ದಣ್ಣನೋರೇ. ಓವರ್."

"ಹಳೇ ಸೆಟ್ಟೆಲ್ಲಾ ಬಿಸಾಕ್ಬೇಕು ಅಂತಿದಾರಮ್ಮ. ಓವರ್."

ಹನ್ನೊಂದು ಜನ ಗೋಡೆ ಹಿಡಿದು ನಕ್ಕರು. ಪುಷ್ಪಾ ನಗಲಿಲ್ಲ. ಈಗ ತಮ್ಮದೇ ದನಿಯಲ್ಲಿ ಹೇಳಿದರು: "ಮಾಮ, ಸಾಹೇಬ್ರ ಸೆಟ್ಟಲ್ಲಿ ಏನೂ ದೋಷ ಇಲ್ಲ, ಒಳ್ಳೇ ಸೆಟ್ಟು. ಓಬಳಮ್ಮತ್ತೆ ಜರಿ ಅಷ್ಟು ಅಸಲಿ. ಚೀಲ ಬಿಚ್ಚಿ ಮಾತಾಡೋಕೆ ಹೇಳ್ರಿ. ನಿಮ್ ಸೆಟ್ಟಿಗೂ ಮೂರು ವಾರದಿಂದ ಇದೇ ಆಗಿದ್ದು ಅನ್ನೋದನ್ನೂ ಹೇಳ್ಬಿಡ್ರಿ. ಓವರ್."

ಕೋಣೆಯಲ್ಲಿ ನಗು ನಿಂತಿತು. ಗೋದಾಮಿನ ಧಣಿ ಸಿಟ್ಟಾದರೆ ಟೇಬಲ್ಲಿನ ಜೊತೆ ಕೋಣೆಯೂ ಹೋದೀತು. ಪುಷ್ಪಾ ಸ್ಕ್ರೂಡ್ರೈವರನ್ನು ಬೆರಳ ನಡುವೆ ತಿರುಗಿಸುತ್ತ ಕೂತರು.

ಆಮೇಲೆ ಗುಂಡಿ ಒತ್ತಿದ ಸದ್ದು, ಅದರ ಹಿಂದೆಯೇ ಒಂದು ನಗು. ಹೊಟ್ಟೆಯಿಂದ ಎದ್ದು, ಕೆಮ್ಮಿಗೆ ಸಿಕ್ಕಿ, ಅದನ್ನೂ ದಾಟಿ ಬಂದ ಓಂಕಾರಮೂರ್ತಿಯವರ ನಗು. ಗುಂಡಿ ಬಿಡುವುದನ್ನೂ ಮರೆತು ನಗುತ್ತಿದ್ದಾರೆ. ಎರಡು ತಾಲ್ಲೂಕಿನ ಸೆಟ್ಟುಗಳಲ್ಲೂ ಅದೇ. ಮೂರು ನಿಮಿಷಕ್ಕಿಂತ ಉದ್ದ ಮಾತಾಡುವವರ ಬಾಯಿ ಮುಚ್ಚಿಸುವುದು ರಿಪೀಟರಿನ ಪದ್ಧತಿ. ಅದು ಬಾಯಿ ಮುಚ್ಚಿಸಿತು. ಮತ್ತೆ ತೆರೆದಾಗಲೂ ಅವರು ನಗುತ್ತಲೇ ಇದ್ದರು.

"ಪುಷ್ಪಮ್ಮ," ಎಂದರು ಉಸಿರು ಸಿಕ್ಕಾಗ, "ನನ್ ದನಿ ಅಷ್ಟು ಕೆಟ್ಟದಾಗೈತಾ? ಹೋಗ್ಲಿ. ಕಂಪ್ಯೂಟರಿಗೆ ನಮ್ಮನೆಯಿಂದ ಬೇರೆ ಟೇಬಲ್ ತರ್ತೀನಿ. ನೀನು ಏಳ್ಬೇಡ. ಓವರ್."

"ಎದ್ದಿದ್ರೆ ತಾನೇ," ಎಂದರು ಪುಷ್ಪಾ. "ಗುಂಡಿ ಬಿಟ್ಟು ನಗ್ರಿ ಸಾಹೇಬ್ರೇ, ಹೊಸ ಬ್ಯಾಟ್ರಿ ಖಾಲಿ ಆಗ್ತೈತೆ. ಓವರ್."

ಮತ್ತೆ ಒತ್ತಿ ನಗತೊಡಗಿದವರು ಗುಂಡಿ ಬಿಡಲೇ ಇಲ್ಲ.